ಕಾರೆ ಪೊದೆಯಲ್ಲಿ ಕರು ಮಲಗಿಸಿ ಮೇಯಲು ಹೋದವರಿಗೆ

ಅಜ್ಜಂಪುರದ ಕಾವಲಿನಲ್ಲಿ ಮೇಯುತ್ತಿರುವ, ಅಮೃತಮಹಲ್ ತಳಿಯ ಮಾನ್ಯ ಹಸು ಹುಲಿಯಮ್ಮನವರ ಸನ್ನಿಧಿಗೆ.

ಮಾನ್ಯರೇ,

ತಾವೂ ತಮ್ಮ ಕರುವೂ ಕ್ಷೇಮವೆಂದು ನಂಬಿದ್ದೇನೆ. ತಮ್ಮ ಕೊಂಬುಗಳ ಕ್ಷೇಮದ ಬಗ್ಗೆಯಂತೂ ನನಗೆ ಸಂಶಯವೇ ಇಲ್ಲ. ಕಳೆದ ತಿಂಗಳು ತಮ್ಮ ಕರುವಿನ ಕಿವಿಗೆ ಸರ್ಕಾರದ ನಂಬರಿನ ಓಲೆ ಹಾಕಲು ಬಂದು, ತಾವು ಅಟ್ಟಿದಾಗ ಚಪ್ಪಲಿ ಬಿಟ್ಟು ಜೀಪಿನ ಬಾನೆಟ್ ಏರಿ ನಿಂತ ಪಶುವೈದ್ಯಕೀಯ ಪರೀಕ್ಷಕಿ ನಿಶ್ಚಿತಾ ನಾನೇ. ದನ ಕಾಯುವ ಸಣ್ಣಬೀರಪ್ಪ ತಮಗೆ ಹುಲಿಯಮ್ಮ ಎಂದು ಹೆಸರಿಟ್ಟದ್ದು ಸರಿಯಾಗಿಯೇ ಇದೆ. ಚಪ್ಪಲಿಯ ವಿಷಯದಲ್ಲಿ ನನ್ನ ತಕರಾರಿಲ್ಲ. ನನ್ನ ದೂರು ಇರುವುದು ತಮ್ಮ ಒಳ್ಳೆಯ ಹೆಸರಿನ ಮೇಲೆ.

ನನ್ನ ಮಗಳಿಗೆ ಈಗ ಒಂದೂವರೆ ವರ್ಷ. ಅವಳು ಹುಟ್ಟಿದಂದಿನಿಂದ ನನಗೆ ಕಾರಣವಿಲ್ಲದೆ ಅಳು ಬರುತ್ತಿತ್ತು. ದಿನವೆಲ್ಲ ಊರಿನ ದನಗಳ ಆರೋಗ್ಯ ವಿಚಾರಿಸಿಕೊಂಡು ಬಂದು, ಸಂಜೆ ಬಚ್ಚಲುಮನೆಯಲ್ಲಿ ನಲ್ಲಿ ತಿರುಗಿಸಿಟ್ಟು ಅಳುವುದು ನನಗೇ ಸರಿಕಾಣದೆ ಕಡೂರಿನ ಮನೋವೈದ್ಯರೊಬ್ಬರ ಹತ್ತಿರ ಹೋದೆ. ಅವರು ಗುಳಿಗೆ ಬರೆದು, ಅದರ ಕೆಳಗೆ ‘ವಾರಕ್ಕೆರಡು ಸಂಜೆ, ತನಗೆ ಇಷ್ಟವಾದ ಕೆಲಸ’ ಎಂದೂ ಬರೆದುಕೊಟ್ಟರು. ತರೀಕೆರೆಯ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ನಮ್ಮ ಯಜಮಾನರು, ಅಂದರೆ ದುಶ್ಯಂತ್, ಗುಳಿಗೆಯನ್ನು ಅದೇ ದಿನ ತಂದುಕೊಟ್ಟರು. ಎರಡನೆಯ ಔಷಧ ಮೆಡಿಕಲ್ ಶಾಪಿನಲ್ಲಿ ಸಿಗಲಿಲ್ಲವೆಂದು ಕಾಣುತ್ತದೆ.

ಅದು ಸಿಕ್ಕಿದ್ದು ನಮ್ಮೂರಿನ ಹವ್ಯಾಸಿ ನಾಟಕ ತಂಡದ ತೀರ್ಥಪ್ಪ ಮೇಷ್ಟ್ರ ಹತ್ತಿರ. ಮದುವೆಗೆ ಮುಂಚೆ ನಾನು ಅವರ ತಂಡದಲ್ಲಿ ಬಣ್ಣ ಹಚ್ಚುತ್ತಿದ್ದವಳು. ಹೊಸ ನಾಟಕದಲ್ಲಿ, ಪರದೆ ಏಳುವುದರಿಂದ ಬೀಳುವವರೆಗೂ ಸಿಕ್ಕಸಿಕ್ಕವರನ್ನೆಲ್ಲ ಗದರಿಸುವ ಅಮಲ್ದಾರರ ಪಾತ್ರ ನನಗೆಂದು ಇಟ್ಟು, “ಭಾನ್ವಾರದೊಳಗೆ ಹೇಳ್ಬಿಡಮ್ಮ, ಇಲ್ಲಾಂದ್ರೆ ಬೇರೆಯೋರ್ನ ಹಾಕ್ಕೋತೀನಿ” ಎಂದರು. ಒಂದೂವರೆ ವರ್ಷದಿಂದ ಬಾಯಿಬಿಟ್ಟು ಯಾರನ್ನೂ ಗದರಿಸದ ನನಗೆ ಆ ಪಾತ್ರ ಎಷ್ಟು ಬೇಕಾಗಿತ್ತೆಂದು ತಮ್ಮಂಥವರಿಗೆ ವಿವರಿಸಬೇಕಾಗಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಈ ಅಹವಾಲನ್ನು ಮನೆಯವರ ಮುಂದಿಟ್ಟೆ. ನಮ್ಮ ಅತ್ತೆ ಕಾಮಾಕ್ಷಮ್ಮನವರು ಕೂಡಲೇ ತಮ್ಮನ್ನೇ ಸಾಕ್ಷಿಗೆ ಕರೆದರು. “ಹಸೂನ ನೋಡಿ ಕಲ್ತ್ಕೋ ಕಣೇ. ಕರು ಬಿಟ್ಟು ಒಂದ್ ಗಳಿಗೆ ಇರ್ತೈತಾ?” ಯಜಮಾನರು ಫೋನಿನಿಂದ ತಲೆಯೆತ್ತದೆ, ಅಮ್ಮ ಹೇಳುವುದರಲ್ಲೂ ಅರ್ಥವಿದೆ ಎಂದರು.

ಮಾನ್ಯರೇ, ನನ್ನ ಉದ್ಯೋಗದ ದೆಸೆಯಿಂದ ತಮ್ಮ ಸಂಸಾರದ ಗುಟ್ಟು ನನಗೆ ಗೊತ್ತು. ತಾವು ಎಳೆಗರುವಿಗೆ ಹಾಲೂಡಿಸಿ, ಕಾರೆ ಪೊದೆಯೊಳಗೆ ಮಲಗಿಸಿ, ಅರ್ಧ ಕಾವಲಿನಾಚೆ ಹೋಗಿ, ಆ ಪೊದೆಗೆ ಬೆನ್ನು ಹಾಕಿ, ಹೆತ್ತದ್ದೇ ಸುಳ್ಳು ಎಂಬಂತೆ ಹೊಟ್ಟೆ ತುಂಬ ಮೇಯುತ್ತೀರಿ. ಮಗು ಎಲ್ಲಿ ಎಂದು ಮಂದೆಯ ಯಾವ ಹಸುವೂ ತಮ್ಮನ್ನು ತಡೆದು ಕೇಳುವುದಿಲ್ಲ. ಮೇಯದಿದ್ದರೆ ಹಾಲು ಎಲ್ಲಿಂದ ಬರಬೇಕು ಎಂಬುದು ತಮ್ಮ ಮಂದೆಗೆಲ್ಲ ತಿಳಿದಿದೆ. ಇಷ್ಟಾಗಿಯೂ ಗಳಿಗೆ ಅಗಲದ ತಾಯಿ ಎಂಬ ಬಿರುದನ್ನು ಹೊತ್ತು, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಒಂದು ಮಾತೂ ಆಡದೆ ಮೆಲುಕು ಹಾಕುತ್ತಿರುವ ತಮ್ಮನ್ನು ನಾನು ಉಗ್ರವಾಗಿ ಖಂಡಿಸುತ್ತೇನೆ ಮತ್ತು ಅಪಾರವಾಗಿ ಮೆಚ್ಚುತ್ತೇನೆ. ದಯಮಾಡಿ ತಾವೊಮ್ಮೆ ನಮ್ಮ ಮನೆಗೆ ಬಂದು, ಅತ್ತೆಯವರೆದುರು ಗೊರಸಿನ ಗುರುತೊತ್ತಿ ಈ ಬಗ್ಗೆ ಹೇಳಿಕೆ ಕೊಡಬೇಕೆಂದು ಬೇಡಿಕೊಳ್ಳಬೇಕೆಂದಿದ್ದೆ. ನಮ್ಮ ಬಾಗಿಲು ಕಿರಿದಾದ್ದರಿಂದ ಕೊಂಬುಗಳನ್ನು ಹೊರಗಿಟ್ಟು ಬರಬೇಕಾಗುತ್ತಿತ್ತು.

ತಮಗೆ ಆ ತೊಂದರೆ ತಪ್ಪಿತು. ಭಾನುವಾರ ಎಲ್ಲರೂ ಅಂತರಘಟ್ಟೆಯ ಅಮ್ಮನಿಗೆ ಹಣ್ಣುಕಾಯಿ ಮಾಡಿಸಲು ಹೊರಟಾಗ, ಕಾವಲಿನ ಪಕ್ಕ ಕಾರು ನಿಲ್ಲಿಸಿ ಅತ್ತೆಯವರಿಗೆ ತಮ್ಮನ್ನು ತೋರಿಸಿದೆ. ತಾವು ಒಬ್ಬರೇ ನಿಶ್ಚಿಂತೆಯಿಂದ ಮೇಯುತ್ತಿದ್ದಿರಿ. ಕರು ಎಲ್ಲಿ ಎಂದು ಅವರು ಕೇಳಿದರು. ಬಾನೆಟ್ಟಿನ ನೆನಪಿದ್ದುದರಿಂದ ನಾನು ಪೊದೆಯನ್ನು ದೂರದಿಂದಲೇ ತೋರಿಸಿದೆ. ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ಆ ಪೊದೆಯನ್ನು ನೋಡಿ, “ಅವ್ಳಿಗೆ ಪೊದೆ ಐತೆ ಕಣೇ, ನಿಂಗೇನೈತೆ?” ಎಂದರು. ಚುಚ್ಚಿ ಹೇಳಿದ ಮಾತಲ್ಲ ಅದು. ಮೂವರನ್ನು ಹೆತ್ತು ಸಾಕಿದ ಅವರಿಗೂ ಯಾವ ಪೊದೆಯೂ ಇರಲಿಲ್ಲವೆಂಬುದು ನನಗೆ ಆಗ ಹೊಳೆಯಿತು.

ಸಂಜೆ ಮನೆಗೆ ಬಂದವಳು ಪೊದೆ ಹುಡುಕಿದೆ. ಸಂಜೆಯಾದರೆ ಇದ್ದ ಜಾಗ ಬಿಟ್ಟು ಕದಲದ, ಹೊತ್ತುಹೊತ್ತಿಗೆ ಕಾಫಿ ಹೊಯ್ದರೆ ಸಾಕಾಗುವ, ಏನು ಕೇಳಿದರೂ ಮಾತಾಡದ ಒಂದು ಪೊದೆ ಇಷ್ಟು ದಿನವೂ ನಮ್ಮ ಸೋಫಾದ ಮೇಲೆಯೇ ಇತ್ತು. ಅದರ ಕೈಯಿಂದ ಫೋನು ತೆಗೆದು ಅಟ್ಟದ ಮೇಲಿಟ್ಟು, ಮಡಿಲಲ್ಲಿ ಮಗಳನ್ನು ಮಲಗಿಸಿ, ಚಪ್ಪಲಿ ಮೆಟ್ಟಿಕೊಂಡೆ. ಎಲ್ಲಿಗೆ ಎಂದು ಪೊದೆ ಗಾಬರಿಯಿಂದ ಕೇಳಿತು. ಉತ್ತರ ಕೊಟ್ಟವರು ಅತ್ತೆ.

“ಮೇಯಾಕೆ ಹೋಯ್ತಾವ್ಳೆ, ಸುಮ್ನೆ ಕೂತ್ಕಳೋ. ಹೊಟ್ಟೆ ತುಂಬಿದ್ಮೇಲೆ ಬತ್ತಾಳೆ.”

ಆ ಸಂಜೆ ತಾಲೀಮಿನಲ್ಲಿ ನಾನು ಗದರಿಸಿದ ರಭಸಕ್ಕೆ ತೀರ್ಥಪ್ಪ ಮೇಷ್ಟ್ರ ಕನ್ನಡಕ ಜಾರಿತು. ಬಹಳ ಕಾಲದ ಮೇಲೆ ನನ್ನ ದನಿ ನನಗೆ ಕೇಳಿಸಿತು, ಸಂತೋಷವಾಯಿತು. ಮನೆಗೆ ಬಂದಾಗ ಮಗಳು ಇಟ್ಟಲ್ಲೇ ನಿದ್ರಿಸುತ್ತಿದ್ದಳು, ಪೊದೆಯೂ ನಿದ್ರಿಸುತ್ತಿತ್ತು.

ಇಷ್ಟು ದಿನದ ಹಸಿವು ಸ್ವಲ್ಪ ಇಳಿದಿರುವ,
ತಮ್ಮ ವಿಶ್ವಾಸಿ,
ನಿಶ್ಚಿತಾ

ಮರೆತ ಮಾತು: ಮರುದಿನದಿಂದ ನಮ್ಮ ಬೀದಿಯವರೆಲ್ಲ ಪೊದೆಯನ್ನು ಹೊಗಳುತ್ತಿದ್ದಾರೆ. “ಎಂಥಾ ಗಂಡು ಕಣ್ರೀ, ಮಗು ನೋಡ್ಕೊತಾನಂತೆ!” ನಾಟಕದಲ್ಲಿ ನನ್ನ ಪಾತ್ರ ಯಾವುದೆಂದು ಇನ್ನೂ ಒಬ್ಬರೂ ಕೇಳಿಲ್ಲ. ಅವರನ್ನೆಲ್ಲ ಒಮ್ಮೆ ಕಾವಲಿಗೆ ಕರೆತಂದು ತಮಗೆ ಪರಿಚಯಿಸುವ ಆಸೆಯಿದೆ. ಆ ದಿನ ಜೀಪು ತರುವುದಿಲ್ಲ.