ಲಾಭದ ನೂರು ಸುತ್ತು

ಇಪ್ಪತ್ತು ವರ್ಷ ಒಂದೇ ಪಾಠ ಮಾಡಿದವನಿಗೆ ಆ ಪಾಠ ಬರುತ್ತದೆ ಎಂದು ಲೋಕ ನಂಬಿದೆ. ನಾನೂ ನಂಬಿದ್ದೆ. ಬೀದರಿನ ಕಾಲೇಜಿನಲ್ಲಿ ವರ್ಷವರ್ಷವೂ ಹಲಗೆಯ ಮೇಲೆ ತಂತಿಯ ಸುರುಳಿ ಬರೆದು, ಅದರೊಳಗೆ ಕಾಂತಕ್ಷೇತ್ರ ಎಷ್ಟು, ಪ್ರೇರಕತ್ವ ಎಷ್ಟು ಎಂದು ಲೆಕ್ಕ ಮಾಡಿಸುತ್ತೇನೆ. ನಿಜವಾದ ಸುರುಳಿಯನ್ನು ಮಾತ್ರ ಕೈಯಲ್ಲಿ ಹಿಡಿದವನಲ್ಲ.

ಚಿದ್ರಿಯ ನಮ್ಮ ಮನೆಯ ಕರೆಗಂಟೆಯ ಹೊಟ್ಟೆಯಲ್ಲಿರುವುದೂ ಅಂಥದೇ ಸುರುಳಿ. ಗುಂಡಿ ಒತ್ತಿದರೆ ಅದು ಕಬ್ಬಿಣದ ಕಡ್ಡಿಯನ್ನು ಎಳೆದು 'ಟಿಂಗ್' ಅನ್ನಿಸುತ್ತದೆ. ಅದು ಸುಟ್ಟುಹೋದದ್ದು ನಮಗೆ ಗೊತ್ತೇ ಇರಲಿಲ್ಲ. ಒಂದು ದಿನ ಭಾಲ್ಕಿಯಿಂದ ಅಕ್ಕ ಬಂದಳು, ತಾಯಿಯಿಲ್ಲದ ನನ್ನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು. ಗುಂಡಿ ಒತ್ತಿ ಒತ್ತಿ ಸಾಕಾಗಿ, ಹೋಳಿಗೆಯ ಡಬ್ಬಿಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ತಿರುಗಿ ಬಸ್ಸು ಹತ್ತಿದಳು. ಒಳಗೆ ನಾನು ಕೂಲರಿನ ಸದ್ದಿನಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕುಳಿತಿದ್ದೆ! ಫೋನ್ ಮಾಡಿದರೆ, "ಗಂಟಿ ಸುದ್ದ ಆದ ಮ್ಯಾಲ ಬರ್ತೇನಿ ತಮ್ಮಾ," ಎಂದು ಇಟ್ಟುಬಿಟ್ಟಳು. ಹೋಳಿಗೆಯ ಡಬ್ಬಿ ಬದಿಗಿಟ್ಟು ಗಂಟೆ ಬಿಚ್ಚಿದೆ.

"ಹೊಸಾದು ತಂದ್ರ ಆಯ್ತಲ್ರಿ," ಎಂದಳು ಹೆಂಡತಿ ಮಹಾದೇವಿ. ಭೌತಶಾಸ್ತ್ರದ ಮಾಸ್ತರ ಗಂಟೆ ಕೊಂಡು ತರುವುದೇ? ಕಾಗದ ಹಿಡಿದು ಕೂತು, ಒಂಬೈನೂರು ಸುತ್ತು ಬೇಕೆಂದು ಲೆಕ್ಕ ತೆಗೆದೆ. ಸುತ್ತುವ ಕೈ ಅವಳದು, ಹತ್ತಕ್ಕೊಂದು ಗೆರೆ ಎಳೆಯುವ ಪೆನ್ಸಿಲು ನನ್ನದು. ಸಂತಪುರದ ರೈತರ ಮಗಳು ಜೋಳ ಅಳೆದ ಹಾಗೆಯೇ ಎಣಿಸಿದಳು: "ಲಾಭ, ಎರಡು, ಮೂರು..." ಹತ್ತು ಮುಗಿದೊಡನೆ ಮತ್ತೆ "ಲಾಭ". ಪೇಟೆಯಲ್ಲಿ ಬೆಳೆದ ನಾನು ಅದನ್ನು ಸುತ್ತಿಲ್ಲದ ಬರೀ ಶುಭದ ಮಾತು ಎಂದು ತಿಳಿದು, ಲೆಕ್ಕದಿಂದ ಬಿಟ್ಟು, ಗೆರೆಗೆ ಒಂಬತ್ತೇ ಸುತ್ತು ಹಿಡಿದು ನೂರು ಗೆರೆ ಎಳೆದೆ. ಒತ್ತಿ ನೋಡುವ ಮೊದಲೇ ಅಕ್ಕನಿಗೆ ಫೋನ್ ಮಾಡಿ, ಗಂಟೆ ಸುದ್ದ ಆಯಿತು ಎಂದೂ ಹೇಳಿದೆ.

ಭಾನುವಾರ ಬೆಳಿಗ್ಗೆ ಜೋಡಿಸಿ ಒತ್ತಿದರೆ 'ಗುಂಯ್' ಅಂದಿತಷ್ಟೆ. ಸುತ್ತು ಹೆಚ್ಚಾದರೆ ಪ್ರೇರಕತ್ವ ಅದರ ವರ್ಗದಂತೆ ಏರುತ್ತದೆ, ಕರೆಂಟು ಇಳಿಯುತ್ತದೆ, ಕಡ್ಡಿ ಅರ್ಧಕ್ಕೇ ನಿಲ್ಲುತ್ತದೆ. ಇದನ್ನು ನಾನೇ ಪಾಠ ಮಾಡುತ್ತೇನೆ. ಆದರೆ ಹೆಚ್ಚಾದದ್ದು ಎಲ್ಲಿ?

"ಲಾಭ ಅಂದ್ರ ಒಂದರೀ! ರಾಶಿ ಅಳೀವಾಗ ಯಾರಾದ್ರೂ ಒಂದು ಅಂತಾರೇನ್ರಿ?" ಎಂದು ಮಹಾದೇವಿ ನಕ್ಕಳು. ನೂರು ಸುತ್ತು ಹೆಚ್ಚಾಗಿದ್ದವು. ಬಿಚ್ಚಲು ವೇಳೆಯಿರಲಿಲ್ಲ, ಅಕ್ಕ ಆಗಲೇ ಬಸ್ಸಿನಲ್ಲಿದ್ದಳು. ಬಾಗಿಲು ತೆರೆದಿಟ್ಟು ಮೆಟ್ಟಿಲ ಮೇಲೆ ಕುಳಿತೆ.

ಆಟೋ ಇಳಿದ ಅಕ್ಕ, ನಾನು ಎದುರಿಗೇ ಕುಳಿತಿದ್ದರೂ ಗುಂಡಿ ಒತ್ತಿದಳು. ಗುಂಯ್. "ಥೇಟ್ ನಿನ್ನಂಗ ಅದ. ಒಳಗೊಳಗ ಗೊಣಗ್ತದ," ಎಂದಳು. ಆಮೇಲೆ ನನ್ನ ಮುಖ ನೋಡಿ, "ಯಾವಾಗಿಂದ ಕುಂತೀಯೋ ಬಿಸಲಾಗ?" ಎಂದು ಸೆರಗಿನಿಂದ ನನ್ನ ಹಣೆ ಒರೆಸಿದಳು. ಐವತ್ತರ ಗಂಡಸಿಗೆ ಕಣ್ಣು ತುಂಬಿ ಬಂತು.

ಮರುದಿನ ಹೆಚ್ಚಿನ ಸುತ್ತು ಬಿಚ್ಚಲು ಕುಳಿತರೆ, ಮಹಾದೇವಿ ಸುರುಳಿಯನ್ನೇ ಕಸಿದುಕೊಂಡಳು. "ಗಂಟಿ ಸುದ್ದ ಆದ್ರ ನೀವು ಮತ್ತ ಒಳಗ ಕೂಡ್ತೀರಿ. ಇರ್ಲಿ ಬಿಡ್ರಿ, ಅದೇ ಲಾಭ."

ಈಗ ಅಕ್ಕ ಬರುವ ದಿನ ನಮ್ಮ ಮನೆಯ ಕರೆಗಂಟೆ ನಾನೇ.