ಎರಡು ಡಿಸ್ಕಿನ ಡಬ್ಬಿ ಮತ್ತು ನನ್ನ ಹೆಂಡತಿಯ ತವರು

ಊರಲ್ಲಿ ಎಲ್ಲರ ಮನೆಯ ಕಂಪ್ಯೂಟರೂ ಆಗಾಗ ಕೆಡುತ್ತದೆ. ರಿಪೇರಿ ಮಾಡಿಸಿ ಸುಮ್ಮನಾಗುತ್ತಾರೆ. ನಮ್ಮ ಮನೆಯದು ಕೆಡುವುದೇ ಇಲ್ಲ. ಅದರಿಂದ ಮನುಷ್ಯರ ಸಂಬಂಧ ಮಾತ್ರ ಕೆಡುತ್ತದೆ, ಮತ್ತೆ ಮತ್ತೆ.

ನಾನು ಸಿಂಧನೂರಿನಲ್ಲಿ ಮನೆ ಮಾಡಿಕೊಂಡು, ದಿನಾ ಬಸ್ಸು ಹಿಡಿದು ಹಳ್ಳಿಗಳಿಗೆ ಹೋಗಿ ದನಕರುಗಳಿಗೆ ಸೂಜಿ ಚುಚ್ಚುವ ನೌಕರ. ಇಂಥವನಿಗೆ ಲಿನಕ್ಸ್ ಕಂಪ್ಯೂಟರ್ ಯಾಕೆ ಬೇಕಿತ್ತು ಎಂದು ಕೇಳುವವರು ಬಹಳ ಜನ. ಅದರಲ್ಲಿ ಜೆಡ್‌ಎಫ್‌ಎಸ್ ಯಾಕೆ ಬೇಕಿತ್ತು ಎಂದು ಕೇಳುವಷ್ಟು ತಿಳಿದವರು ಒಬ್ಬರೂ ಇಲ್ಲ, ಅದೊಂದು ಸಮಾಧಾನ. ಜೆಡ್‌ಎಫ್‌ಎಸ್ ಅಂದರೆ ಫೋಟೋ, ವಿಡಿಯೋ, ಕಾಗದಪತ್ರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಕಾಯುವ ಒಂದು ಪದ್ಧತಿ. ದೊಡ್ಡ ಕಂಪನಿಗಳು ತಮ್ಮ ಇಡೀ ವ್ಯವಹಾರವನ್ನು ಅದರ ಮೇಲೆ ಬಿಟ್ಟಿರುತ್ತವೆ. ನಾನು ತೊಟ್ಟಿಲು ಕಾರ್ಯದ ಫೋಟೋಗಳನ್ನು ಬಿಟ್ಟಿದ್ದೇನೆ.

ಇದೆಲ್ಲ ನಡೆಯುವ ಕಂಪ್ಯೂಟರ್ ಡಬ್ಬಿ ಪಡಸಾಲೆಯ ಕಿಟಕಿ ಪಕ್ಕ ಕೂತಿದೆ. ಅಲ್ಲಿ ಬೆಳಕು ಚೆನ್ನಾಗಿ ಬೀಳುತ್ತದೆಂದು ನನ್ನ ಹೆಂಡತಿ ತನ್ನ ಹೊಲಿಗೆ ಮಶೀನಿಗೆ ಆ ಜಾಗವನ್ನೇ ನೋಡಿಟ್ಟಿದ್ದಾಳೆ. ಮೊದಲ ದಿನವೇ ಅವಳ ತೀರ್ಪು ಹೊರಬಿದ್ದಿತ್ತು. "ಯಾರಿಗಾದ್ರೂ ಒಂದು ಸಲ ಉಪಯೋಗಕ್ಕ ಬರಲಿ, ಇಟ್ಕೋರಿ. ಇಲ್ಲಾಂದ್ರ ಗುಜರಿಗೆ ಹಾಕ್ತೀನಿ."

ಅಂದಿನಿಂದ ಡಬ್ಬಿಯ ಪ್ರಾಣ ಉಳಿಸುವುದೇ ನನ್ನ ಕೆಲಸವಾಯಿತು. ಅದು ಎಷ್ಟು ಚೆಂದ ನಡೆಯಿತೆಂದು ನೀವೇ ನೋಡಿ.

ಎರಡು ಎಮ್ಮೆ

ಡಬ್ಬಿಗೆ ಹಾಕುವ ಡಿಸ್ಕು ಕೊಳ್ಳಲು ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಹೋಗಿದ್ದೆ. ಒಂದೇ ಅಳತೆಯವು ಎರಡು ಬೇಕೆಂದೆ.

"ಎರಡ್ಯಾಕ ಸರ್? ಒಂದು ತುಂಬಲಿ, ಆಮ್ಯಾಲ ಇನ್ನೊಂದು ತಗೋರಿ," ಎಂದ ಅಂಗಡಿಯವನು. ಪಾಪ, ವ್ಯಾಪಾರ ಬಿಟ್ಟು ಬುದ್ಧಿ ಹೇಳುವ ಮನುಷ್ಯ.

ಹಾಗಲ್ಲ, ಎರಡರಲ್ಲೂ ಒಂದೇ ಸರಕು ಇರುತ್ತದೆ, ಕನ್ನಡಿಯಲ್ಲಿ ಕಂಡ ಹಾಗೆ ಎಂದು ವಿವರಿಸಿದೆ. ಒಂದು ಸತ್ತರೆ ಇನ್ನೊಂದರಲ್ಲಿ ಎಲ್ಲ ಸುರಕ್ಷಿತ.

"ಅಂದ್ರ ಎರಡು ತಗೊಂಡ್ರೂ ಜಾಗ ಒಂದರಷ್ಟಾ?"

"ಹೌದು."

ಅವನು ಡಿಸ್ಕುಗಳನ್ನು ಕವರಿಗೆ ಹಾಕಿದ. ನಾನು ದನದ ಆಸ್ಪತ್ರೆಯವನೆಂದು ಅವನಿಗೆ ಗೊತ್ತು. "ಸರ್, ಬ್ಯಾಸರಾ ಮಾಡ್ಕೋಬ್ಯಾಡ್ರಿ. ರೈತರಿಗೂ ಹಿಂಗಾ ಹೇಳ್ತೀರೇನು, ಎರಡು ಎಮ್ಮಿ ಕಟ್ಟಿ ಒಂದರ ಹಾಲು ಹಿಂಡ್ರಿ ಅಂತ?"

ಭಾನುವಾರದ ತಪಾಸಣೆ

ಈ ಪದ್ಧತಿಯಲ್ಲಿ ಡಬ್ಬಿ ತನ್ನನ್ನು ತಾನೇ ತಪಾಸಣೆ ಮಾಡಿಕೊಳ್ಳುತ್ತದೆ. ನಾನು ಅದಕ್ಕೆ ಭಾನುವಾರ ಗೊತ್ತು ಮಾಡಿದ್ದೆ. ನಮ್ಮೂರಿನ ರೈಸ್ ಮಿಲ್ಲುಗಳ ಬೂದಿ ಫ್ಯಾನಿನಲ್ಲಿ ಕೂತಿರುವುದರಿಂದ ತಪಾಸಣೆ ಶುರುವಾದರೆ ಪಡಸಾಲೆಯಲ್ಲಿ ಇನ್ನೊಂದು ಮಿಲ್ಲು ನಡೆದಂತೆ ಕೇಳುತ್ತದೆ.

"ಏನದು ಬಡಕೊಳ್ಳಾಕತ್ತೈತಿ?" ಎಂದು ಹೆಂಡತಿ ಒಳಗಿನಿಂದ ಬಂದಳು.

ಇದೇ ಸಮಯವೆಂದು ನಾನು ಡಬ್ಬಿಯ ಗುಣಗಾನಕ್ಕೆ ಕೂತೆ. ಒಂದೊಂದು ಫೈಲನ್ನೂ ಓದಿ ನೋಡುತ್ತದೆ, ಎಲ್ಲಾದರೂ ತಪ್ಪು ಕಂಡರೆ ಯಾರೂ ಹೇಳದೆಯೇ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ ಎಂದೆ.

ಅವಳು ಡಬ್ಬಿಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಇರಲಿ ಬಿಡ್ರಿ. ಈ ಮನ್ಯಾಗ ಅಂಥಾದ್ದು ಒಂದಾದ್ರೂ ಐತೆಲ್ಲ."

ವರನ ಕೂದಲು

ಜೆಡ್‌ಎಫ್‌ಎಸ್‌ನ ಇನ್ನೊಂದು ದೊಡ್ಡ ಗುಣವೆಂದರೆ ಸ್ನ್ಯಾಪ್‌ಶಾಟ್. ಫೈಲುಗಳು ಆಯಾ ದಿನ ಹೇಗಿದ್ದವೋ ಹಾಗೆ ಗುರುತಿಟ್ಟುಕೊಳ್ಳುತ್ತದೆ. ನೀವು ಆಮೇಲೆ ಅಳಿಸಿದರೂ ಬದಲಿಸಿದರೂ ಹಳೆಯದು ಹಾಗೇ ಸಿಗುತ್ತದೆ. ಮರೆಯುವುದು ಅದರ ಜಾಯಮಾನದಲ್ಲೇ ಇಲ್ಲ, ನಮ್ಮ ಬೀಗರ ಹಾಗೆ.

ಪಕ್ಕದ ಮನೆಯಾಕೆ ಮಗನಿಗೆ ಹೆಣ್ಣು ಹುಡುಕುತ್ತಿದ್ದಳು. ತನ್ನ ಫೋನು ತುಂಬಿದೆ ಎಂದು ಮಗನ ಫೋಟೋ ನಮ್ಮ ಡಬ್ಬಿಯಲ್ಲಿ ಇಡಿಸಿದ್ದಳು. ಹುಡುಗ ಒಳ್ಳೆಯವನು, ನೌಕರಿ ಇದೆ, ತಲೆಯ ಮೇಲೆ ಮಾತ್ರ ಅಷ್ಟಾಗಿ ಏನೂ ಇಲ್ಲ. ತಿಂಗಳ ಬಳಿಕ ಆಕೆ ಸ್ಟುಡಿಯೋದಿಂದ ಅದೇ ಫೋಟೋ ತಿದ್ದಿಸಿಕೊಂಡು ಬಂದಳು. ಈಗ ಹುಡುಗನ ತಲೆತುಂಬ ಕಪ್ಪು ಕೂದಲು, ಪಕ್ಕಕ್ಕೆ ಬೈತಲೆ ಬೇರೆ. "ಹಳೇದು ತೆಗದು ಇದನ್ನ ಇಡ್ರಿ," ಎಂದಳು. ಇಟ್ಟೆ.

ಗುರುಗುಂಟಾ ಕಡೆಯಿಂದ ಹೆಣ್ಣಿನವರು ಬಂದ ದಿನ ಹುಡುಗ ಡ್ಯೂಟಿ ಮೇಲೆ ಹೊರಗಿದ್ದ. ಫೋಟೋ ದೊಡ್ಡದಾಗಿ ಕಾಣಲಿ ಎಂದು ಆಕೆ ಅವರನ್ನು ನಮ್ಮ ಮನೆಗೇ ಕರೆತಂದಳು. ಹೆಣ್ಣಿನ ತಂದೆ ನೋಡಿ ಒಪ್ಪಿಗೆಯಿಂದ ತಲೆಯಾಡಿಸಿದರು. ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಮುಗಿದಿತ್ತು. ಆದರೆ ಹೆಂಡತಿಯೂ ಅಲ್ಲೇ ಇದ್ದಳಲ್ಲ, ಡಬ್ಬಿಯ ಉಪಯೋಗ ಅವಳ ಕಣ್ಣಿಗೆ ಬೀಳಲಿ ಎಂಬ ಆಸೆ. "ನಮ್ಮ ಹತ್ರ ಯಾವುದೂ ಕಳೆಯಂಗಿಲ್ರಿ. ಹೋದ ತಿಂಗಳದ್ದೂ ತೋರಸ್ತೀನಿ," ಎಂದು ಹಳೆಯ ಫೋಟೋ ಒತ್ತಿಬಿಟ್ಟೆ.

ಎಲ್ಲರೆದುರು ವರನ ಕೂದಲು ಉದುರಿಹೋಯಿತು.

ಪಕ್ಕದ ಮನೆಯಾಕೆಯ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಹೆಣ್ಣಿನ ತಂದೆ ಹೊಸ ಫೋಟೋ ನೋಡಿದರು, ಹಳೆಯದು ನೋಡಿದರು, ತಲೆಗೆ ಸುತ್ತಿದ್ದ ಟವೆಲ್ ತೆಗೆದು ತಮ್ಮ ಬೋಳು ತಲೆಯನ್ನು ಮೆಲ್ಲಗೆ ಸವರಿಕೊಂಡರು. "ಒಂದು ತಿಂಗಳದಾಗ ಇಷ್ಟು ಬಂದಾವಂದ್ರ ಹುಡುಗ ಯಾವ ಎಣ್ಣಿ ಹಚ್ಚಾಕತ್ತಾನ? ಸಂಬಂಧದ ಮಾತು ಆಮ್ಯಾಲ ಆಡೂಣು. ಮೊದಲ ಆ ಎಣ್ಣಿ ಹೆಸರ ಹೇಳ್ರಿ."

ಪಾಲು

ಆ ಪ್ರಸಂಗದ ನಂತರ ಪಕ್ಕದ ಮನೆಯವರು ನಮಗೆ ಮೊಸರಿನ ಹೆಪ್ಪು ಕೊಡುವುದನ್ನೂ ನಿಲ್ಲಿಸಿದರು. ಹೆಂಡತಿ ಹೊಲಿಗೆ ಮಶೀನು ಒರೆಸಿ ಸಿದ್ಧ ಮಾಡಿದಳು. ಡಬ್ಬಿಯ ಕಾಲ ಮುಗಿಯಿತೆಂದು ನನಗೆ ನಿಜವಾಗಿಯೂ ಸಂಕಟವಾಯಿತು. ಅಷ್ಟರಲ್ಲಿ ಅವಳ ತಮ್ಮಂದಿರು ಬಂದರು.

ಇಬ್ಬರು ತಮ್ಮಂದಿರು. ದೊಡ್ಡವನು ಮಸ್ಕಿಯಲ್ಲಿ, ಚಿಕ್ಕವನು ಲಿಂಗಸುಗೂರಿನಲ್ಲಿ. ಇಬ್ಬರೂ ಓದಿದವರು, ತಿಳಿದವರು, ಹಾಗಾಗಿ ಅಪ್ಪನ ಆಸ್ತಿ ಪಾಲಿನ ವಿಷಯದಲ್ಲಿ ಮಾತು ಬಿಟ್ಟಿದ್ದರು. ಮನೆ, ಪಾತ್ರೆ, ಕಪಾಟು ಎಲ್ಲ ಬರೋಬ್ಬರಿ ಅರ್ಧರ್ಧ ಆಗಿತ್ತು. ಬೀಸುವ ಕಲ್ಲಿನಲ್ಲಿ ಮೇಲಿನದು ಒಬ್ಬನಿಗೆ, ಕೆಳಗಿನದು ಇನ್ನೊಬ್ಬನಿಗೆ ಹೋಗಿತ್ತು. ಇಬ್ಬರ ಮನೆಯಲ್ಲೂ ಬೀಸುವವರಿಲ್ಲ, ಆದರೆ ನ್ಯಾಯ ನ್ಯಾಯವೇ.

ಉಳಿದದ್ದು ಎರಡು. ಒಂದು, ಹೊಲದಲ್ಲಿ ನನಗೇನೂ ಬೇಡ ಎಂಬ ಕಾಗದಕ್ಕೆ ಅಕ್ಕನ ಸಹಿ. ಅದು ಬರೀ ಹೆಸರಿಗೆ, ಅಕ್ಕ ಹೇಗೂ ಮಾಡುತ್ತಾಳೆ ಎಂದು ಇಬ್ಬರೂ ನಂಬಿದ್ದರು. ಇನ್ನೊಂದು, ನಮ್ಮ ಡಬ್ಬಿಯಲ್ಲಿದ್ದ ಅವರ ಮನೆತನದ ಫೋಟೋಗಳು, ತೀರಿಹೋದ ನಮ್ಮ ಮಾವನವರು ಮಾತಾಡಿದ ವಿಡಿಯೋಗಳು. ಬೇರೆ ಬೇರೆ ಬಸ್ಸಿನಲ್ಲಿ ಬಂದು, ಪಡಸಾಲೆಯ ಆ ತುದಿಗೊಬ್ಬ ಈ ತುದಿಗೊಬ್ಬ ಕೂತರು.

"ಎರಡು ಡಿಸ್ಕ್ ಅದಾವಂತಲ್ಲ ಮಾಮಾ, ನನಗೊಂದು ಅವಗೊಂದು ಕೊಟ್ಟುಬಿಡ್ರಿ," ಎಂದ ದೊಡ್ಡವನು.

ಡಿಸ್ಕು ಬೇಡ, ಪೆನ್‌ಡ್ರೈವಿಗೆ ಹಾಕಿ ಕೊಡುತ್ತೇನೆ, ಇಬ್ಬರಿಗೂ ಎಲ್ಲವೂ ಪೂರ್ತಿ ಸಿಗುತ್ತದೆ ಎಂದೆ. ಇಬ್ಬರೂ ಖುಷಿಪಡುತ್ತಾರೆಂದು ನನ್ನ ಎಣಿಕೆ.

"ಪೂರ್ತಿ ಅಂದ್ರ?" ಚಿಕ್ಕವನ ಹುಬ್ಬು ಗಂಟಿಕ್ಕಿತು. "ನನ್ನ ಪಾಲಿಂದೂ ಅವನ ಕಡೆ ಹೋಗ್ತೈತೇನು?"

"ಅವನದೂ ನಿನಗ ಬರ್ತೈತಲ್ಲೋ," ಎಂದೆ.

"ಅವಂದು ನನಗ ಬ್ಯಾಡ. ನಂದು ಅವಗ ಹೋಗಬಾರದು."

ಇಬ್ಬರಿಗೂ ಪೂರ್ತಿ ಸಿಕ್ಕು ಇಬ್ಬರಿಗೂ ಅನ್ಯಾಯವಾದ ಪಾಲು ನಮ್ಮ ಜಿಲ್ಲೆಯಲ್ಲಿ ಅದೇ ಮೊದಲಿರಬೇಕು. ಹಾಗಾದರೆ ಅಪ್ಪನನ್ನು ಬೀಸುವ ಕಲ್ಲಿನ ಹಾಗೆ ಮೇಲೆ ಕೆಳಗೆ ಮಾಡಿ ಕೊಡಲೇನು ಎಂದು ಕೇಳಿದ ಮೇಲೆ ಒಪ್ಪಿದರು. ಎರಡು ಪೆನ್‌ಡ್ರೈವ್ ತುಂಬಿ ಕೈಗಿಟ್ಟೆ.

ಹೊರಡಲು ಎದ್ದ ದೊಡ್ಡವನು ನಿಂತ. "ಮಾಮಾ, ಈಗ ಡಬ್ಬಿ ಖಾಲಿ ಆತಲ್ಲ?"

"ಇಲ್ಲಪ್ಪ. ಅದರಾಗೂ ಹಂಗಾ ಇರ್ತಾವ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾತು ಬಿಟ್ಟ ಮೇಲೆ ಅದೇ ಮೊದಲು. ಚಿಕ್ಕವನು ಎದ್ದು ಹೋಗಿ ಅಣ್ಣನ ಪಕ್ಕ ನಿಂತ. "ಅಂದ್ರ ಮೂರು ಪಾಲಾತು. ನಮ್ಮ ಮನಿ ಆಸ್ತ್ಯಾಗ ನಿಮಗ್ಯಾಕ ಮಾಮಾ ಒಂದು ಪಾಲು? ಅಳಿಸ್ರಿ."

ಅಡುಗೆಮನೆಯ ಬಾಗಿಲಲ್ಲಿ ನನ್ನ ಹೆಂಡತಿ ಚಹದ ತಟ್ಟೆ ಹಿಡಿದು ನಿಂತಿದ್ದಳು. ಇಷ್ಟು ದಿನ ತಮ್ಮಂದಿರ ಎದುರು ಒಂದು ಮಾತೂ ಎತ್ತದವಳು. ತಟ್ಟೆಯನ್ನು ತಂದು ಸೀದಾ ಡಬ್ಬಿಯ ಮೇಲೆ ಇಟ್ಟಳು.

"ಅದು ನಿಮ್ಮ ಮಾಮಾಂದಲ್ಲ. ನನ್ನ ಪಾಲು. ಈ ಡಬ್ಬಿ ಇಲ್ಲಿಂದ ಅಲುಗಂಗಿಲ್ಲ, ಮಶೀನ್ ಒಳಗಿಟ್ಕೋತೀನಿ. ಆ ಕಾಗದಾನೂ ತಗೊಂಡು ಹೋಗ್ರಿ, ನಾ ಸಹಿ ಮಾಡಂಗಿಲ್ಲ. ಫೋಟೋ ಹೆಂಗ ಮೂರು ಕಡೆ ಆತೋ, ಹೊಲಾನೂ ಹಂಗಾ ಮೂರು ಆಗಲಿ."

ನನಗೆ ಭಯವೂ ಆಯಿತು, ಎದೆ ತುಂಬ ಹೆಮ್ಮೆಯೂ ಆಯಿತು. ದೊಡ್ಡವನು, ಸಣ್ಣ ಮಕ್ಕಳಿಗೆ ಹೇಳುವಂತೆ ದನಿ ಇಳಿಸಿ ಹೇಳಿದ. "ಅಕ್ಕಾ, ಫೋಟೋ ಬ್ಯಾರೆ, ಹೊಲ ಬ್ಯಾರೆ. ಹೊಲ ಕಾಪಿ ಮಾಡಾಕ ಬರಂಗಿಲ್ಲ."

"ಗೊತ್ತೈತಿ," ಎಂದಳು ಇವಳು, ಚಹ ಬಗ್ಗಿಸುತ್ತಾ. "ಅದಕ್ಕಾ ಅಳತಿ ಮಾಡ್ರಿ ಅನ್ನಾಕತ್ತೀನಿ."