ಗುದ್ದಲಿ ಮುಟ್ಟದ ಬೇಸಾಯ

ದೇವರು ನನಗೆ ಸೋಮಾರಿತನವನ್ನು ಧಾರಾಳವಾಗಿಯೇ ಕೊಟ್ಟಿದ್ದಾನೆ. ಅದಕ್ಕೊಂದು ಸಿದ್ಧಾಂತದ ಹೆಸರು ಸಿಕ್ಕಿಬಿಟ್ಟರಂತೂ ನನ್ನ ಉತ್ಸಾಹಕ್ಕೆ ಮೇರೆಯೇ ಇಲ್ಲ. ಬೆಳಗಿನ ವಾಕಿಂಗ್ ಬಿಟ್ಟಾಗ ಮಂಡಿಯ ಸವೆತ ತಡೆಯುತ್ತಿದ್ದೇನೆ ಎಂದವನು ನಾನು. ಹೀಗಿರುವಾಗ, ನೆಲವನ್ನು ಉಳದೆ, ಅಗೆಯದೆ ಬೆಳೆ ತೆಗೆಯುವ ಪದ್ಧತಿಯೊಂದಿದೆ ಎಂದು ಮೊಬೈಲಿನಲ್ಲಿ ನೋಡಿದ ದಿನ ಕುಣಿದಾಡಿಬಿಟ್ಟೆ. ಇಷ್ಟು ವರ್ಷ ನಾನು ರೈತನಾಗದೆ ಉಳಿದದ್ದು ಬರೀ ಮಾಹಿತಿಯ ಕೊರತೆಯಿಂದ!

ಕೊಚ್ಚಿಯ ಪಾಲಾರಿವಟ್ಟಂನಲ್ಲಿದ್ದಾಗ ನನ್ನ ಜಮೀನು ಬಾಲ್ಕನಿಯ ಎರಡು ಬಕೆಟ್ಟು. ತಿರುವನಂತಪುರಕ್ಕೆ ವರ್ಗವಾಗಿ ಕಳಕ್ಕೂಟಂನ ಕ್ವಾರ್ಟರ್ಸಿಗೆ ಬಂದ ಮೇಲೆ ಹಿತ್ತಲಲ್ಲಿ ನಿಜವಾದ ನೆಲ ಕಂಡಿತು. ಬರಿಗಾಲಲ್ಲಿ ನಿಂತರೆ ಮಣ್ಣು ತಾಗುವ ಆ ಜಾಗವನ್ನು ನಾನು ಬಹಳ ಹಚ್ಚಿಕೊಂಡೆ. ಆದರೆ ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿ ತೋಮಸ್ ಸರ್ ಅಲ್ಲಿ ಕಾಂಕ್ರೀಟ್ ಸುರಿದು ಕಾರು ನಿಲ್ಲಿಸಲು ಹೊರಟಿದ್ದರು. ನಾನು ಸಭೆಯಲ್ಲಿ ಎದ್ದು ನಿಂತು, ಉಳುಮೆಯಿಲ್ಲದ ಬೇಸಾಯದಲ್ಲಿ ಟ್ರ್ಯಾಕ್ಟರ್ ಬಾಡಿಗೆಯಿಲ್ಲ, ಆಳಿನ ಕೂಲಿಯಿಲ್ಲ, ಒಣ ಎಲೆ ಹೊದಿಸಿದರೆ ಸಾಕು, ಮಿಕ್ಕಿದ್ದನ್ನು ಎರೆಹುಳುಗಳೇ ನೋಡಿಕೊಳ್ಳುತ್ತವೆ ಎಂದು ಅರ್ಧ ಗಂಟೆ ಅರ್ಥಶಾಸ್ತ್ರ ಹೇಳಿದೆ. ತೋಮಸ್ ಸರ್ ನಕ್ಕು, "ಶರಿ ಸಾರೇ. ಮುಂದಿನ ವರ್ಷದ ಸಭೆಯ ಊಟಕ್ಕೆ ಅಲ್ಲಿಯ ಕಪ್ಪವೇ ಬರಲಿ. ಬರದಿದ್ದರೆ ಕಾಂಕ್ರೀಟ್" ಎಂದರು. ಕಪ್ಪ ಎಂದರೆ ಮರಗೆಣಸು. ನಾನು ಹೂಂ ಎಂದೆ.

ಕೋಲಿನಲ್ಲಿ ತೂತು ಮಾಡಿ ಕಪ್ಪದ ಕಡ್ಡಿಗಳನ್ನು ಸಿಕ್ಕಿಸಿದೆ. ಇನ್ನು ಎಲೆ. ಪಕ್ಕದ ಮನೆಯ ಓಮನ ಚೇಚಿ, ಅಂದರೆ ಓಮನಕ್ಕ, ದಿನವೂ ಹಲಸಿನ ಎಲೆ ಗುಡಿಸಿ ಬೆಂಕಿ ಹಾಕುತ್ತಿದ್ದರು. ಮೊದಲ ವಾರ ಕೇಳಿದಾಗ ಸಂತೋಷದಿಂದ ಕೊಟ್ಟರು. ಎರಡನೆಯ ವಾರ, "ಸಾರ್ ಮನೇಲಿ ಬಿಸಿಬೇಳೆಬಾತ್ ಬಹಳ ಚೆನ್ನಾಗಿರುತ್ತಂತೆ" ಎಂದರು. ಕಸಕ್ಕೆ ಗಿರಾಕಿ ಹುಟ್ಟಿದ್ದಾನೆಂಬ ಸುದ್ದಿ ಕ್ವಾರ್ಟರ್ಸ್ ತುಂಬ ಹರಡಿತು. ತಿಂಗಳೊಳಗೆ ಒಂದು ಚೀಲ ಎಲೆಗೆ ಒಂದು ಡಬ್ಬಿ ಬಿಸಿಬೇಳೆಬಾತ್ ಎಂಬ ದರ ನಿಗದಿಯಾಯಿತು. ತೇಗದ ಮರವಿದ್ದ ಮನೆಯವರು ತಮ್ಮ ಎಲೆ ಅಗಲವೆಂದು ಜೊತೆಗೆ ಮೈಸೂರುಪಾಕನ್ನೂ ಕೇಳಿದರು.

ನನ್ನ ಹೆಂಡತಿ ಸುಮಾ ಒಂದು ಭಾನುವಾರ ಸೌಟು ಹಿಡಿದುಕೊಂಡೇ ಹಿತ್ತಲಿಗೆ ಬಂದಳು.

"ಅಲ್ಲಾ ರೀ, ನಿಮ್ಮ ಬೇಸಾಯದಲ್ಲಿ ಆಳು ಬೇಡ ಅಂದ್ರಲ್ಲ, ಮತ್ತೆ ನಾನ್ಯಾರು?"

ನಾನು ಎರೆಹುಳುಗಳ ವಿಷಯ ಎತ್ತಿದೆ. ಅವಳು ಸೌಟನ್ನು ನನ್ನ ಕೈಗೇ ತುರುಕಿ ಒಳಗೆ ಹೋದಳು.

ಆದರೂ ಗಿಡಗಳು ನನಗಿಂತ ಎತ್ತರ ಬೆಳೆದವು. ಸಭೆಯ ಬೆಳಿಗ್ಗೆ ಎಲ್ಲರನ್ನೂ ಕರೆದು, ಗೆಲುವಿನ ನಗೆ ನಕ್ಕು, ಮೊದಲ ಗಿಡವನ್ನು ಎಳೆದೆ. ಅದು ಅಲುಗಲಿಲ್ಲ. ತೋಮಸ್ ಸರ್ ನನ್ನ ಸೊಂಟ ಹಿಡಿದು ಎಳೆದರು, ಅವರನ್ನು ಇನ್ನಿಬ್ಬರು ಎಳೆದರು. ಕಾಂಡ ಪಟ್ಟೆಂದು ಮುರಿದು ನಾವು ನಾಲ್ವರೂ ದುಬಾರಿ ಎಲೆಗಳ ಮೇಲೆ ಅಂಗಾತ ಬಿದ್ದೆವು. ಗೆಣಸು ಮಾತ್ರ ಕಲ್ಲಿನಂಥ ಕೆಂಪು ನೆಲದೊಳಗೆ ಹಾಯಾಗಿತ್ತು. ನೆಲ ಅಗೆಯುವುದಿಲ್ಲ ಎಂದು ಪಣ ತೊಟ್ಟವನು ನೆಲದೊಳಗಿನ ಬೆಳೆಯನ್ನೇ ಹಾಕಿದ್ದೆ!

"ಎಂದಾ ಸಾರೇ ಇದ್, ಇದೇನು ಸಾರೇ!" ಎಂದು ಓಮನ ಚೇಚಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಮಗಳು ಮಲಯಾಳದಲ್ಲಿ ಏನೋ ಹೇಳಿ ಎಲ್ಲರನ್ನೂ ಇನ್ನಷ್ಟು ನಗಿಸಿದಳು. ತೋಮಸ್ ಸರ್ ಎದ್ದು ಅಂಗಿ ಕೊಡವಿಕೊಂಡು, ಹಿತ್ತಲನ್ನು ಈ ತುದಿಯಿಂದ ಆ ತುದಿಗೆ ಹೆಜ್ಜೆಯಲ್ಲಿ ಅಳೆಯತೊಡಗಿದರು. ಅಲ್ಲಿ ನಿಲ್ಲಲಿರುವ ಕಾರುಗಳು ನನ್ನ ಕಣ್ಣಿಗೇ ಕಂಡವು. ಸಿದ್ಧಾಂತ ಹಾಳಾಗಿಹೋಗಲಿ ಎಂದು ಓಡಿಹೋಗಿ ಚೇಚಿಯ ಮನೆಯ ಗುದ್ದಲಿ ತಂದೆ.

ಮಧ್ಯಾಹ್ನದವರೆಗೆ ಅಗೆದೆ. ನೆಡುವಾಗ ಉಳಿಸಿದ್ದ ಶ್ರಮವನ್ನೆಲ್ಲ ಭೂಮಿ ಬಡ್ಡಿಸಮೇತ ವಸೂಲಿ ಮಾಡಿತು. ಕಪ್ಪ ಬೆಂದಿತು, ಮೀನಿನ ಸಾರಿನ ಜೊತೆ ಎಲ್ಲರೂ ಬಾಯಿ ಚಪ್ಪರಿಸಿದರು, ಕಾಂಕ್ರೀಟಿನ ಮಾತು ನಿಂತಿತು. ಊಟ ಮುಗಿದ ಮೇಲೆ ತೋಮಸ್ ಸರ್ ನನ್ನನ್ನು ಎಬ್ಬಿಸಿ, ಉಳುಮೆಯಿಲ್ಲದ ಬೇಸಾಯದ ಲಾಭದ ಬಗ್ಗೆ ಹೊಸ ಸದಸ್ಯರಿಗೆ ನಾಲ್ಕು ಮಾತು ಹೇಳಿ ಎಂದರು. ಹೇಳಿದೆ, ಸೊಗಸಾಗಿಯೇ ಹೇಳಿದೆ. ಬೊಬ್ಬೆ ಎದ್ದ ಎರಡೂ ಅಂಗೈಗಳನ್ನು ಮಾತ್ರ ಕೊನೆಯವರೆಗೂ ಪ್ಯಾಂಟಿನ ಜೇಬಿನಿಂದ ಹೊರಗೆ ತೆಗೆಯಲಿಲ್ಲ.